ಅರವತ್ತು ಡಿಗ್ರಿಯ ಆಸೆ

ಹೈಸ್ಕೂಲಿನ ಜಾಮಿಟ್ರಿ ಬಾಕ್ಸ್ ಇನ್ನೂ ಮನೆಯ ಅಟ್ಟದ ಮೇಲೆಲ್ಲೋ ಇದ್ದರೆ ಅದರೊಳಗಿನ ಕೋನಮಾಪಕವನ್ನು ಒಮ್ಮೆ ನೆನಪಿಸಿಕೊಳ್ಳಿ. ನೆಟ್ಟಗೆ ನಿಂತ ಗೋಡೆ ಸೊನ್ನೆ ಡಿಗ್ರಿ ಎಂದಿಟ್ಟುಕೊಳ್ಳೋಣ. ಅದನ್ನು ಹಿಂದಕ್ಕೆ ವಾಲಿಸುತ್ತಾ ಬನ್ನಿ. 10 ಡಿಗ್ರಿಯ ಆಸುಪಾಸಿನಲ್ಲಿ ಗಾಲ್ಫ್‌ನ ಡ್ರೈವರ್ ಸಿಗುತ್ತದೆ. ಚೆಂಡನ್ನು ಅತಿ ದೂರಕ್ಕೆ ಕಳಿಸುವ ಕ್ಲಬ್ ಅದು. 30 ದಾಟಿದ ಮೇಲೆ ಏಳನೇ ನಂಬರಿನ ಐರನ್. 46ರ ಹತ್ತಿರ ಪಿಚಿಂಗ್ ವೆಡ್ಜ್. 56ಕ್ಕೆ ಮರಳಿನಿಂದ ಚೆಂಡನ್ನು ಎಬ್ಬಿಸುವ ಸ್ಯಾಂಡ್ ವೆಡ್ಜ್. ಅಲ್ಲಿಗೂ ನಿಲ್ಲದೆ ವಾಲಿಸಿ 60ಕ್ಕೆ ತಂದರೆ ಕ್ಲಬ್ಬಿನ ಮುಖ ಹೆಚ್ಚುಕಡಿಮೆ ಆಕಾಶ ನೋಡಿಕೊಂಡು ಮಲಗಿರುತ್ತದೆ. ಅದರ ಹೆಸರು ಲಾಬ್ ವೆಡ್ಜ್. ಕ್ಯಾಡಿಗಳ ಬಾಯಲ್ಲಿ ಬರೀ ‘ಸಿಕ್ಸ್ಟಿ’.

ಈ ವಾಲಿಕೆಗೆ ಲಾಫ್ಟ್ ಎನ್ನುತ್ತಾರೆ. ಲಾಫ್ಟ್ ಹೆಚ್ಚಿದಷ್ಟೂ ಚೆಂಡು ಮೇಲಕ್ಕೆ ಹೋಗುತ್ತದೆ, ಮುಂದಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಸಿಕ್ಸ್ಟಿಯನ್ನು ಶಕ್ತಿಯೆಲ್ಲ ಹಾಕಿ ಬೀಸಿದರೂ ವಾರಾಂತ್ಯಕ್ಕೆ ಆಡಲು ಬರುವ ಸಾಮಾನ್ಯ ಆಟಗಾರನ ಚೆಂಡು 60–70 ಗಜ ಹೋದರೆ ಹೆಚ್ಚು. ಅದೇ ಮನುಷ್ಯ ಡ್ರೈವರ್ ಹಿಡಿದರೆ ಅದರ ಮೂರು ಪಟ್ಟು ದೂರ ಹೊಡೆಯುತ್ತಾನೆ. ಹಾಗಿದ್ದರೂ ಚೀಲದಲ್ಲಿರುವ ಕ್ಲಬ್‌ಗಳಲ್ಲಿ ಅತಿ ಹೆಚ್ಚು ಆಸೆ ಹುಟ್ಟಿಸುವುದು, ಅತಿ ಹೆಚ್ಚು ನಿರಾಸೆ ಮಾಡುವುದು ಈ ಮೋಟು ಹೊಡೆತದ ಕ್ಲಬ್ಬೇ.

ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಶನಿವಾರ, ಭಾನುವಾರ ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿ ಕೆಲಸ ಮಾಡುತ್ತೇನೆ. ಹನ್ನೆರಡು–ಹದಿನೈದು ಕೆ.ಜಿ. ತೂಗುವ ಚೀಲ ಹೊತ್ತು ಅಥವಾ ಟ್ರಾಲಿ ಎಳೆದುಕೊಂಡು 18 ಹೋಲ್ ಮುಗಿಸುವಷ್ಟರಲ್ಲಿ ಏಳೆಂಟು ಕಿಲೋಮೀಟರ್ ನಡೆದಾಗಿರುತ್ತದೆ. ಸೋದರಮಾವ ಅಲ್ಲೇ ಇಪ್ಪತ್ತು ವರ್ಷದಿಂದ ಇದ್ದಾರೆ. ನನ್ನನ್ನು ಸೇರಿಸಿದ್ದೂ ಅವರೇ. ಫೀಸಿಗೆ, ಬಸ್ ಪಾಸಿಗೆ ಆಗುತ್ತದೆ ಎಂದು ಶುರು ಮಾಡಿದ ಕೆಲಸ. ಈಗ ಕ್ಲಾಸಿನಲ್ಲಿ ಕಾಸ್ಟ್ ಅಕೌಂಟಿಂಗ್ ನಡೆಯುತ್ತಿದ್ದರೂ ತಲೆಯಲ್ಲಿ ಯಾವುದೋ ಬಂಕರ್ ಓಡುತ್ತಿರುತ್ತದೆ.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ 18 ಹೋಲ್‌ಗಳ ಮೈದಾನದ ಪಾರ್ 72. ಅಂದರೆ ಚೆನ್ನಾಗಿ ಆಡುವವನು 72 ಹೊಡೆತದಲ್ಲಿ ಮುಗಿಸಬೇಕು. ಅದರಲ್ಲಿ ಒಂದೊಂದು ಗ್ರೀನ್ ಮೇಲೆ ಎರಡರಂತೆ 36 ಹೊಡೆತ ಪಟ್ಟಿಂಗ್‌ಗೆ, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ಗುಳಿಗೆ ಹಾಕುವುದಕ್ಕೆ ಎಂದು ಲೆಕ್ಕ ಹಿಡಿದಿರುತ್ತಾರೆ. ಅದರ ಮೇಲೆ, ಯಾರ ಚೆಂಡೂ ಪ್ರತಿ ಸಲ ನೇರವಾಗಿ ಗ್ರೀನ್ ಮೇಲೆ ಹೋಗಿ ಬೀಳುವುದಿಲ್ಲ. ಪಕ್ಕದ ಹುಲ್ಲಿಗೆ, ಮರಳಿಗೆ, ಇಳಿಜಾರಿಗೆ ಬೀಳುತ್ತದೆ. ಅಲ್ಲಿಂದ ಗುಳಿಯ ಹತ್ತಿರಕ್ಕೆ ತರುವ ಆಟಕ್ಕೆ ಶಾರ್ಟ್ ಗೇಮ್ ಎನ್ನುತ್ತಾರೆ. 250 ಗಜದ ಹೊಡೆತಕ್ಕೂ ಒಂದೇ ಅಂಕ, 15 ಗಜದ ಹೊಡೆತಕ್ಕೂ ಒಂದೇ ಅಂಕ. ಮೊದಲನೆಯದಕ್ಕೆ ಚಪ್ಪಾಳೆ ಬೀಳುತ್ತದೆ, ಸ್ಕೋರ್ ಕಾರ್ಡ್ ತುಂಬುವುದು ಎರಡನೆಯದರಿಂದ.

ಹಾಗಾದರೆ ಸಿಕ್ಸ್ಟಿ ಯಾವಾಗ ಬೇಕು? ನಿಮ್ಮ ಚೆಂಡು ಗ್ರೀನ್ ಪಕ್ಕದ ಹುಲ್ಲಿನಲ್ಲಿದೆ. ಮುಂದೆ ಮರಳಿನ ಬಂಕರ್. ಬಂಕರ್ ದಾಟಿದ ಕೂಡಲೇ ಗ್ರೀನ್, ಅದರ ಅಂಚಿನಿಂದ ನಾಲ್ಕೇ ಹೆಜ್ಜೆಗೆ ಬಾವುಟ. ಚೆಂಡು ಬಂಕರ್ ಹಾರಲೇಬೇಕು, ಹಾರಿದ ಮೇಲೆ ಓಡಲೂಬಾರದು. ಮಾಮೂಲಿ ಕ್ಲಬ್ಬಿನಲ್ಲಿ ಹೊಡೆದರೆ ಚೆಂಡು ಬಿದ್ದು ಹತ್ತು ಹೆಜ್ಜೆ ಉರುಳಿ ಆಚೆ ಹೋಗುತ್ತದೆ. ಇಲ್ಲಿ ಎತ್ತರವೇ ಬ್ರೇಕ್. ಮೇಲಿಂದ ಕಡಿದಾಗಿ ಇಳಿದ ಚೆಂಡಿಗೆ ಮುಂದೆ ಓಡುವ ವೇಗ ಉಳಿದಿರುವುದಿಲ್ಲ. ಟಿವಿಯಲ್ಲಿ ಚೆಂಡು ಬಿದ್ದು ಹಿಂದಕ್ಕೆ ಸುತ್ತಿ ಬರುವುದನ್ನು ನೋಡಿದವರು ಎಲ್ಲವೂ ಸ್ಪಿನ್‌ನ ಮಹಿಮೆ ಎಂದುಕೊಳ್ಳುತ್ತಾರೆ. ಆದರೆ ಗ್ರೀನ್ ಪಕ್ಕದ ಸಣ್ಣ, ಮೆತ್ತಗಿನ ಹೊಡೆತದಲ್ಲಿ ಚೆಂಡನ್ನು ನಿಲ್ಲಿಸುವುದು ಮುಖ್ಯವಾಗಿ ಅದು ಇಳಿಯುವ ಕೋನ.

ಈ ಕ್ಲಬ್ಬಿನ ವಂಶಾವಳಿ ಸ್ವಾರಸ್ಯವಾಗಿದೆ. ಅಮೆರಿಕದ ಜೀನ್ ಸಾರಜೆನ್ ಎಂಬ ಆಟಗಾರನಿಗೆ ಬಂಕರ್ ಎಂದರೆ ತಲೆನೋವು. ಆಗಿನ ಕ್ಲಬ್‌ಗಳ ತಳ ತೆಳ್ಳಗಿದ್ದು ಮರಳಿನಲ್ಲಿ ಕೊಡಲಿಯಂತೆ ಇಳಿದುಬಿಡುತ್ತಿತ್ತು. ವಿಮಾನ ಮೇಲೇಳುವಾಗ ಅದರ ಬಾಲ ಕೆಳಗೆ ಒತ್ತುವುದನ್ನು ನೋಡಿ ತನಗೆ ಉಪಾಯ ಹೊಳೆಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಕ್ಲಬ್ಬಿನ ಹಿಂಬದಿಯ ತಳಕ್ಕೆ ಸೀಸ ಬೆಸುಗೆ ಹಾಕಿ ದಪ್ಪ ಮಾಡಿದ. ಈಗ ಅದು ಮರಳಿನಲ್ಲಿ ಹೂತುಕೊಳ್ಳದೆ ಜಾರಿಕೊಂಡು ಹೊರಬರತೊಡಗಿತು. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಮೈದಾನದಲ್ಲಿ ನಡೆದ ಬ್ರಿಟಿಷ್ ಓಪನ್‌ಗೆ ಅದನ್ನು ಹೊತ್ತುಕೊಂಡು ಹೋದ, ಗೆದ್ದೂ ಬಂದ. ಅಧಿಕಾರಿಗಳ ಕಣ್ಣಿಗೆ ಬೀಳದಿರಲಿ ಎಂದು ಕ್ಲಬ್ಬನ್ನು ಚೀಲದಲ್ಲಿ ತಲೆಕೆಳಗಾಗಿ ಇಡುತ್ತಿದ್ದನಂತೆ.

ಅಲ್ಲಿಂದ 60 ಡಿಗ್ರಿಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಡೇವ್ ಪೆಲ್ಜ್ ಎಂಬುವರು ನಾಸಾದಲ್ಲಿ ಭೌತವಿಜ್ಞಾನಿಯಾಗಿದ್ದವರು. ಕೆಲಸ ಬಿಟ್ಟು ಗಾಲ್ಫ್ ಆಟಗಾರರ ಹಿಂದೆ ಬಿದ್ದು, ಯಾರು ಎಲ್ಲಿ ಅಂಕ ಕಳೆದುಕೊಳ್ಳುತ್ತಾರೆ ಎಂದು ಬರೆದಿಟ್ಟುಕೊಳ್ಳತೊಡಗಿದರು. ದೊಡ್ಡ ಹೊಡೆತಗಳಲ್ಲಲ್ಲ, ಗ್ರೀನ್ ಹತ್ತಿರದ ಸಣ್ಣ ಹೊಡೆತಗಳಲ್ಲಿ ಎಂಬುದು ಅವರ ಲೆಕ್ಕದ ಫಲ. ಅವರ ಮಾತು ಕೇಳಿ ಟಾಮ್ ಕೈಟ್ ಚೀಲಕ್ಕೆ 60 ಡಿಗ್ರಿಯ ಮೂರನೇ ವೆಡ್ಜ್ ಸೇರಿಸಿಕೊಂಡ. 1981ರಲ್ಲಿ ಅಮೆರಿಕದ ಟೂರ್‌ನಲ್ಲಿ ಅತಿ ಹೆಚ್ಚು ಬಹುಮಾನದ ಹಣ ಗೆದ್ದವನು ಅವನೇ. ಕೈಟ್ ದೂರ ಹೊಡೆಯುವುದರಲ್ಲಿ ಹೆಸರು ಮಾಡಿದವನಲ್ಲ ಎನ್ನುವುದನ್ನು ಇಲ್ಲಿ ಗಮನಿಸಬೇಕು.

ಆಮೇಲೆ ಬಂದ ಫಿಲ್ ಮಿಕೆಲ್ಸನ್ ಈ ಹೊಡೆತವನ್ನು ಸರ್ಕಸ್ ಮಟ್ಟಕ್ಕೆ ಒಯ್ದ. ಅವನ ಫ್ಲಾಪ್ ಶಾಟ್ ನೋಡಿದವರಿಗೆ ಕ್ರಿಕೆಟ್‌ನ ಸ್ಕೂಪ್ ಶಾಟ್ ನೆನಪಾಗಬಹುದು. ದೊಡ್ಡದಾಗಿ ಬೀಸುತ್ತಾನೆ, ಚೆಂಡು ಮಾತ್ರ ನೆಟ್ಟಗೆ ಮೇಲಕ್ಕೆ ಹೋಗಿ ಮಗು ಮಲಗಿದ ಹಾಗೆ ಗ್ರೀನ್ ಮೇಲೆ ಕೂರುತ್ತದೆ. ನಮ್ಮ ಕ್ಲಬ್ಬಿನ ಅರ್ಧದಷ್ಟು ಸಿಕ್ಸ್ಟಿಗಳು ಆ ವಿಡಿಯೊಗಳ ಪ್ರಭಾವದಿಂದಲೇ ಅಂಗಡಿಯಿಂದ ಇಳಿದವು ಎಂದು ನನ್ನ ಗುಮಾನಿ. ಹೊಸದಕ್ಕೆ ಹತ್ತು ಸಾವಿರ ರೂಪಾಯಿಗೂ ಮೇಲಾಗುತ್ತದೆ. ಕೊಂಡ ಮೇಲೆ ಬಳಸದಿರಲು ಮನಸ್ಸು ಒಪ್ಪುತ್ತದೆಯೇ?

ಸಾರ್, ದಾರಿ ಖಾಲಿ ಇದೆ

ಇಲ್ಲಿಂದ ಕ್ಯಾಡಿಯ ಕಷ್ಟ ಶುರು. ಚೆಂಡು ಗ್ರೀನ್‌ನಿಂದ ಹತ್ತು ಹೆಜ್ಜೆ ಹೊರಗಿದೆ. ಎದುರಿಗೆ ಬಂಕರ್ ಇಲ್ಲ, ದಿಬ್ಬ ಇಲ್ಲ, ಬಾವುಟ ಆ ಕಡೆ ದೂರದಲ್ಲಿದೆ.

“ಸಿಕ್ಸ್ಟಿ ಕೊಡಪ್ಪಾ.”

“ಸಾರ್, ದಾರಿ ಖಾಲಿ ಇದೆ. ಒಂಬತ್ತು ತಗೊಂಡು ಉರುಳಿಸಿಬಿಡಿ.”

“ಅಯ್ಯೋ ಕೊಡಯ್ಯಾ ನೀನು.”

ಕೊಡುತ್ತೇನೆ. ಮುಂದಿನದು ಮೂರರಲ್ಲೊಂದು ಆಗುತ್ತದೆ. ಒಂದು, ಕ್ಲಬ್ಬಿನ ಕೆಳ ಅಂಚು ಚೆಂಡಿನ ಹೊಟ್ಟೆಗೆ ಬಡಿದು ಅದು ಗುಂಡಿನಂತೆ ಗ್ರೀನ್ ದಾಟಿ ಆಚೆಯ ಪೊದೆ ಸೇರುತ್ತದೆ. ಎರಡು, ಚೆಂಡಿಗಿಂತ ಮೊದಲೇ ನೆಲ ಅಗೆದು ಚೆಂಡು ಎರಡು ಹೆಜ್ಜೆ ಮುಂದೆ ಬಂದು ಕೂರುತ್ತದೆ. ಮೂರು, ಹುಲ್ಲು ಪೊಗದಸ್ತಾಗಿದ್ದು ಚೆಂಡು ಅದರ ಮೇಲೆ ತೇಲುತ್ತಿದ್ದರೆ ಕ್ಲಬ್ ಅದರ ಅಡಿಯಲ್ಲೇ ನುಸುಳಿ ಹೋಗಿ, ಚೆಂಡು ಇದ್ದಲ್ಲೇ ಸ್ವಲ್ಪ ಕುಪ್ಪಳಿಸುತ್ತದೆ. ನಾಲ್ಕನೆಯದೂ ಇದೆ, ಚೆಂಡು ಚೆನ್ನಾಗಿ ಹೋಗಿ ಬಾವುಟದ ಪಕ್ಕ ನಿಲ್ಲುವುದು. ಹತ್ತಕ್ಕೊಂದು ಸಲ ಹಾಗಾಗುತ್ತದಲ್ಲ, ಅದೇ ತೊಂದರೆ. ಆ ಒಂದು ನೆನಪಿನಲ್ಲಿ ಉಳಿದ ಒಂಬತ್ತನ್ನೂ ಹೊಡೆಯುತ್ತಾರೆ. ಹೊಡೆತ ಹಾಳಾದರೆ ಕೆಲವರು ತಮ್ಮನ್ನು ಬೈದುಕೊಳ್ಳುತ್ತಾರೆ, ಕೆಲವರು ಕ್ಲಬ್ಬನ್ನು, ಇನ್ನು ಕೆಲವರು ಕ್ಯಾಡಿಯನ್ನು. ಮೂರನೆಯವರ ಚೀಲ ಹೊತ್ತ ದಿನ ಟಿಪ್ಸ್‌ನ ಆಸೆ ಬಿಡಬೇಕು.

ಒಂಬತ್ತನೇ ಐರನ್ ತಗೊಳ್ಳಿ ಎಂದು ನಾವು ಹೇಳುವುದರ ಹಿಂದೆ ಸರಳ ಲೆಕ್ಕವಿದೆ. ಚಿಕ್ಕ ಚಿಪ್ ಹೊಡೆತದಲ್ಲಿ ಎಂಟನೇ ಐರನ್‌ನಿಂದ ಚೆಂಡು ಒಂದು ಪಾಲು ಗಾಳಿಯಲ್ಲಿ ಹೋದರೆ ಸುಮಾರು ಮೂರು ಪಾಲು ಉರುಳುತ್ತದೆ. ಪಿಚಿಂಗ್ ವೆಡ್ಜ್‌ನಲ್ಲಿ ಉರುಳುವುದು ಸುಮಾರು ಎರಡು ಪಾಲು. ಸ್ಯಾಂಡ್ ವೆಡ್ಜ್‌ನಲ್ಲಿ ಒಂದಕ್ಕೊಂದು. ಸಿಕ್ಸ್ಟಿಯಲ್ಲಿ ಬಹುಪಾಲು ಗಾಳಿಯಲ್ಲೇ ಮುಗಿಯುತ್ತದೆ. ಗ್ರೀನ್‌ನ ಇಳಿಜಾರು, ಹುಲ್ಲಿನ ಎತ್ತರ ನೋಡಿ ಇದು ಏರುಪೇರಾಗುತ್ತದೆ, ನಿಜ. ಆದರೆ ಸಣ್ಣಗೆ ಬೀಸಿ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಚೆಂಡು ಬೀಳಿಸಿ, ಉಳಿದದ್ದನ್ನು ನೆಲಕ್ಕೆ ಒಪ್ಪಿಸುವುದು ಸುಲಭವೋ, ಅಷ್ಟೂ ದೂರವನ್ನು ಗಾಳಿಯಲ್ಲೇ ಅಳೆಯುವುದು ಸುಲಭವೋ? ಗೋಲಿ ಆಡಿದವರಿಗೆ ಉತ್ತರ ಗೊತ್ತಿರುತ್ತದೆ.

ಮಾವ ಇಂಥ ಹೊತ್ತಿನಲ್ಲಿ ಬೇಡ ಎಂದು ಯಾವತ್ತೂ ಹೇಳುವುದಿಲ್ಲ. ಸಿಕ್ಸ್ಟಿಯನ್ನು ಒರೆಸಿ ಕೈಗೆ ಕೊಡುತ್ತಾ, “ಎಲ್ಲಿ ಬೀಳಿಸ್ತೀರಾ ಸಾರ್?” ಎಂದು ಕೇಳುತ್ತಾರೆ, ಅಷ್ಟೇ. ಬಾವುಟವನ್ನೇ ದಿಟ್ಟಿಸುತ್ತಿದ್ದ ಮೆಂಬರ್ ಮೊದಲ ಸಲ ನೆಲ ನೋಡುತ್ತಾರೆ. ಎಷ್ಟೋ ಸಲ ಅವರೇ ಕ್ಲಬ್ ವಾಪಸ್ ಕೊಟ್ಟು ಬೇರೆಯದು ಕೇಳುತ್ತಾರೆ. ಕಾಲೇಜಿನಲ್ಲಿ ಕಮ್ಯುನಿಕೇಷನ್ ಸ್ಕಿಲ್ಸ್ ಎಂದು ಒಂದು ಪೇಪರ್ ಇದೆ ನಮಗೆ. ಅದನ್ನು ಬರೆಯುವಾಗೆಲ್ಲ ನನಗೆ ಮಾವನ ಈ ಪ್ರಶ್ನೆ ನೆನಪಾಗುತ್ತದೆ.

ಗರಿಕೆಯ ಗುಣ

ಹಾಗೆಂದು ಸಿಕ್ಸ್ಟಿ ಬರೀ ಶೋಕಿ ಎಂದು ನಾನು ಹೇಳುತ್ತಿಲ್ಲ. ಬೇಕಾದಾಗ ಅದಕ್ಕೆ ಬದಲಿಯಿಲ್ಲ. ಅದನ್ನು ಹೊಡೆಯುವ ಕ್ರಮ ಮಾತ್ರ ನಮ್ಮ ಸಹಜ ಬುದ್ಧಿಗೆ ಪೂರಾ ಉಲ್ಟಾ.

ಮೊದಲು ನೋಡಬೇಕಾದ್ದು ಬಾವುಟವನ್ನಲ್ಲ, ಚೆಂಡಿನ ಅಡಿಯನ್ನು. ಕೆಳಗೆ ಸ್ವಲ್ಪ ಹುಲ್ಲಿನ ಮೆತ್ತೆ ಇದೆಯೇ? ಇದ್ದರೆ ಮುಂದುವರಿಯಬಹುದು. ಬೋಳು ನೆಲ, ಗಟ್ಟಿ ಮಣ್ಣು ಆಗಿದ್ದರೆ ಮರೆತುಬಿಡುವುದು ಒಳ್ಳೆಯದು. ಆಮೇಲೆ ಕ್ಲಬ್ಬಿನ ಮುಖವನ್ನು ಇನ್ನಷ್ಟು ತೆರೆಯಬೇಕು, ಅಂದರೆ ಬಲಗೈ ಆಟಗಾರನಾದರೆ ಬಲಕ್ಕೆ ತಿರುಗಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಮೊದಲು ತಿರುಗಿಸಿ ಆಮೇಲೆ ಹಿಡಿಯಬೇಕು. ಹಿಡಿದುಕೊಂಡು ಮಣಿಕಟ್ಟು ತಿರುಚಿದರೆ ಬೀಸುವಾಗ ಅದು ತಾನಾಗಿಯೇ ಮೊದಲಿನ ಜಾಗಕ್ಕೆ ಬಂದುಬಿಡುತ್ತದೆ. ಮುಖ ಬಲಕ್ಕೆ ನೋಡುವುದರಿಂದ ಕಾಲುಗಳನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ನಿಲ್ಲಬೇಕು. ಚೆಂಡು ಎಡ ಹಿಮ್ಮಡಿಯ ಕಡೆಗಿರಲಿ. ಮೈಭಾರ ಎಡಗಾಲಿನ ಮೇಲೆ ತುಸು ಹೆಚ್ಚಿರಲಿ, ಕೊನೆಯವರೆಗೂ ಅಲ್ಲೇ ಇರಲಿ.

ಆಮೇಲೆ ಬೀಸುವುದು. ಚೆಂಡನ್ನು ಮೇಲೆತ್ತಬೇಕು ಎಂದು ಕೈ ಎತ್ತಿದರೆ ಕೆಲಸ ಕೆಟ್ಟಿತು. ಎತ್ತುವ ಕೆಲಸ ಡಿಗ್ರಿಯದು, ನಮ್ಮದಲ್ಲ. ನಾವು ಕ್ಲಬ್ಬನ್ನು ನೆಲದ ಮೇಲೆ ಜಾರಿಸಬೇಕು, ಅದೂ ಧೈರ್ಯವಾಗಿ, ವೇಗ ತಗ್ಗಿಸದೆ. ಹದಿನೈದು ಗಜದ ಹೊಡೆತಕ್ಕೆ ನಲವತ್ತು ಗಜಕ್ಕೆ ಬೀಸುವಷ್ಟು ಬೀಸಬೇಕಾಗುತ್ತದೆ. ಮನಸ್ಸು ಇಲ್ಲೇ ಹೆದರುತ್ತದೆ. ‘ಇಷ್ಟು ಜೋರು ಹೊಡೆದರೆ ಚೆಂಡು ಕ್ಲಬ್ ಹೌಸ್‌ಗೆ ಹೋಗುತ್ತದೆ’ ಎಂದು ನಡುದಾರಿಯಲ್ಲಿ ಕೈ ಹಿಂದೆಗೆಯುತ್ತದೆ. ನಾನು ನೋಡಿದ ಹಾಳು ಹೊಡೆತಗಳಲ್ಲಿ ಹೆಚ್ಚಿನವು ತಪ್ಪು ಬೀಸಿನಿಂದಲ್ಲ, ಅರ್ಧಕ್ಕೆ ನಿಂತ ಬೀಸಿನಿಂದ ಆದವು.

ಜಾರಿಸುವುದು ಎಂದೆನಲ್ಲ, ಅದರ ಗುಟ್ಟು ಕ್ಲಬ್ಬಿನ ತಳದಲ್ಲಿದೆ. ಸಾರಜೆನ್ ಸೀಸ ಮೆತ್ತಿದ ಭಾಗಕ್ಕೆ ಈಗ ಬೌನ್ಸ್ ಎಂಬ ಹೆಸರು, ಅದಕ್ಕೂ ಡಿಗ್ರಿಯ ಲೆಕ್ಕ. ಹೋಟೆಲಿನಲ್ಲಿ ದೋಸೆ ಮಗುಚುವವರನ್ನು ನೋಡಿದ್ದೀರಾ? ಸಟ್ಟುಗವನ್ನು ಸರಿಯಾದ ಓರೆಯಲ್ಲಿ ಹಿಡಿದರೆ ಅದು ಹಂಚಿನ ಮೇಲೆ ಸರ್ರನೆ ಜಾರಿ ದೋಸೆಯ ಅಡಿ ಹೋಗುತ್ತದೆ. ಮೂತಿ ಕೆಳಗೆ ಮಾಡಿ ಹಿಡಿದರೆ ಹಂಚು ಕೆರೆಯುತ್ತದೆ, ದೋಸೆ ಹರಿಯುತ್ತದೆ. ಬೌನ್ಸ್ ಇರುವುದು ಮೂತಿ ಕೆಳಗಾಗದಂತೆ ನೋಡಿಕೊಳ್ಳಲು. 10 ಡಿಗ್ರಿಗೂ ಹೆಚ್ಚು ಬೌನ್ಸ್ ಇದ್ದರೆ ಮರಳಿಗೆ, ಮೆತ್ತನೆಯ ನೆಲಕ್ಕೆ ಒಳ್ಳೆಯದು. 4–6 ಡಿಗ್ರಿಯದು ಗಟ್ಟಿ ನೆಲಕ್ಕೆ. ಹೆಚ್ಚು ಬೌನ್ಸ್‌ನದನ್ನು ಗಟ್ಟಿ ನೆಲದಲ್ಲಿ ಬೀಸಿದರೆ ತಳ ನೆಲಕ್ಕೆ ಬಡಿದು ಪುಟಿದು ಅಂಚು ಚೆಂಡಿನ ಹೊಟ್ಟೆಗೆ ಹೋಗುತ್ತದೆ. ಮುಖ ತೆರೆದಷ್ಟೂ ಬೌನ್ಸ್ ಇನ್ನೂ ಹೆಚ್ಚುತ್ತದೆ ಎನ್ನುವುದು ಇದರ ಮೇಲಿನ ಒಗ್ಗರಣೆ. ಅಂಗಡಿಯಲ್ಲಿ ಎಲ್ಲರೂ 60 ಎಂದು ಕೇಳುತ್ತಾರೆ, ಪಕ್ಕದಲ್ಲಿ ಸಣ್ಣದಾಗಿ ಕೊರೆದಿರುವ ಈ ಇನ್ನೊಂದು ಸಂಖ್ಯೆಯನ್ನು ಓದುವವರು ಕಡಿಮೆ. ಬೆಂಗಳೂರಿನಲ್ಲಿ ಮಾರ್ಚ್–ಏಪ್ರಿಲ್‌ನ ನೆಲವೇ ಬೇರೆ, ಆಗಸ್ಟ್‌ನ ನೆಲವೇ ಬೇರೆ. ಒಂದೇ ಕ್ಲಬ್ ಎರಡು ಋತುವಿನಲ್ಲಿ ಎರಡು ಥರ ವರ್ತಿಸುತ್ತದೆ.

ಇನ್ನು ಹುಲ್ಲು. ಗಾಲ್ಫ್ ಲೋಕ ಬರ್ಮುಡಾ ಗ್ರಾಸ್ ಎಂದು ಕರೆಯುವುದು ಬೇರೇನೂ ಅಲ್ಲ, ಗಣೇಶನಿಗೆ ನಾವು ಏರಿಸುವ ಗರಿಕೆಯ ಜಾತಿಯೇ. ಬಿಸಿ ನಾಡುಗಳ ಮೈದಾನಗಳಲ್ಲಿ ಅದರದೇ ಸುಧಾರಿತ ತಳಿಗಳನ್ನು ಬೆಳೆಸುತ್ತಾರೆ. ಗರಿಕೆ ನೆಟ್ಟಗೆ ನಿಲ್ಲುವ ಹುಲ್ಲಲ್ಲ, ಹಬ್ಬುವ ಹುಲ್ಲು. ಹಬ್ಬಿದ ದಿಕ್ಕಿಗೆ ವಾಲಿರುತ್ತದೆ. ಒಂದು ಕಡೆಯಿಂದ ನೋಡಿದರೆ ಹೊಳೆಯುತ್ತದೆ, ಇನ್ನೊಂದು ಕಡೆಯಿಂದ ಕಪ್ಪಗೆ ಕಾಣುತ್ತದೆ. ಕಪ್ಪಗೆ ಕಂಡರೆ ಅದು ನಿಮ್ಮ ಕಡೆಗೇ ವಾಲಿದೆ ಎಂದರ್ಥ. ಆಗ ಬೀಸಿದರೆ ಹುಲ್ಲಿನ ತುದಿಗಳೆಲ್ಲ ಎದುರಾಗಿ ಕ್ಲಬ್ಬಿನ ಅಂಚನ್ನು ಹಿಡಿದುಕೊಳ್ಳುತ್ತವೆ. ಹಿಡಿಕೆಯನ್ನು ಮುಂದಕ್ಕೆ ಒತ್ತಿ ಅಂಚಿನಿಂದ ಕಡಿಯುವವರು ಸಿಕ್ಕಿಬೀಳುವುದು ಇಲ್ಲೇ. ವಿದೇಶದ ವಿಡಿಯೊ ನೋಡಿ ಕಲಿತವರಿಗೆ ಈ ಪಾಠ ನಮ್ಮ ಮೈದಾನದಲ್ಲಿ ಕಳೆ ಕೀಳುವ ಅಕ್ಕಂದಿರಿಂದ ಸಿಗಬಹುದು. ಯಾವ ಮೂಲೆಯಲ್ಲಿ ಹುಲ್ಲು ಯಾವ ಕಡೆ ಹಬ್ಬುತ್ತದೆ ಎಂದು ಅವರಷ್ಟು ಗೊತ್ತಿರುವವರು ಇಲ್ಲ.

ಕ್ಯಾಡಿಯ ಹೆಗಲ ಮೇಲಿನ ಟವೆಲ್‌ಗೂ ಇಲ್ಲೊಂದು ಪಾತ್ರವಿದೆ. ಮುಖದ ಮೇಲಿನ ಗೀರುಗಳು, ಅಂದರೆ ಗ್ರೂವ್‌ಗಳು, ಟೈರಿನ ಗೆರೆಗಳಂತೆ ನೀರನ್ನು, ಹುಲ್ಲಿನ ರಸವನ್ನು ಬದಿಗೆ ಸರಿಸಿ ಚೆಂಡಿಗೆ ಹಿಡಿತ ಕೊಡುತ್ತವೆ. ಅವು ಎಷ್ಟು ಮುಖ್ಯ ಎಂದರೆ 2010ರಿಂದ ದೊಡ್ಡ ವೃತ್ತಿಪರ ಟೂರ್‌ಗಳಲ್ಲಿ ಗ್ರೂವ್‌ನ ಗಾತ್ರಕ್ಕೆ, ಅಂಚಿನ ಚೂಪಿಗೆ ಕಡಿವಾಣ ಹಾಕುವ ನಿಯಮವೇ ಬಂತು. ಗ್ರೂವ್‌ನಲ್ಲಿ ಮಣ್ಣು ಕೂತಿದ್ದರೆ ಅಥವಾ ಮುಖ ಒದ್ದೆಯಾಗಿದ್ದರೆ ಚೆಂಡು ಮೇಲಕ್ಕೆ ಜಾರುತ್ತದೆ, ಸ್ಪಿನ್ ಕಡಿಮೆಯಾಗುತ್ತದೆ, ದೂರದ ಲೆಕ್ಕ ತಪ್ಪುತ್ತದೆ. ಹಾಗಾಗಿ ಪ್ರತಿ ಹೊಡೆತದ ನಂತರ ನಾವು ಒರೆಸುವುದು ಬರೀ ಶಿಸ್ತಿಗಾಗಿ ಅಲ್ಲ.

ಸೋಮವಾರ ನಮ್ಮ ಕ್ಲಬ್ಬಿಗೆ ರಜೆ. ಮೈದಾನದ ದುರಸ್ತಿ ಕೆಲಸ ಮುಗಿದ ಮೇಲೆ ಕ್ಯಾಡಿಗಳಿಗೆ ಆಡಲು ಬಿಡುತ್ತಾರೆ. ನಾನು ಕ್ಲಾಸ್ ಮುಗಿಸಿ ಮಧ್ಯಾಹ್ನದ ಮೇಲೆ ಹೋಗುತ್ತೇನೆ. ಗಾಲ್ಫ್ ಶ್ರೀಮಂತರ ಆಟ ಎನ್ನುವ ಮಾತು ಬಹುಮಟ್ಟಿಗೆ ನಿಜ. ಒಂದು ಸೆಟ್ ಕ್ಲಬ್, ಶೂ, ಕೈಗವಸು, ಕಳೆದುಹೋಗುವ ಚೆಂಡುಗಳು, ಮೈದಾನದ ಶುಲ್ಕ ಎಲ್ಲ ಸೇರಿದರೆ ನಮ್ಮಂಥವರ ಮನೆಯ ಬಜೆಟ್ಟಿಗೆ ಸೇರುವುದಿಲ್ಲ. ಡ್ರೈವರ್ ಅಭ್ಯಾಸ ಮಾಡಲು ಇನ್ನೂರೈವತ್ತು ಗಜದ ಜಾಗ ಬೇಕು, ಬಕೆಟ್ಟಿಗಿಷ್ಟು ಎಂದು ದುಡ್ಡು ಬೇಕು. ಆದರೆ ಶಾರ್ಟ್ ಗೇಮ್‌ಗೆ ಬೇಕಾದ್ದು ಒಂದು ವೆಡ್ಜ್, ಪೊದೆಯಲ್ಲಿ ಸಿಕ್ಕ ಹತ್ತು ಹಳೆಯ ಚೆಂಡು, ಕಾಲು ಕೊಠಡಿಯಷ್ಟು ಹುಲ್ಲು. ಸಣ್ಣ ಜಾಗ, ಸಣ್ಣ ಖರ್ಚು. ಉಳಿಯುವ ಅಂಕ ಮಾತ್ರ ದೊಡ್ಡದು. ಬಡವನಿಗೆ ಈ ಆಟದಲ್ಲಿ ಒಂದು ಬಾಗಿಲು ತೆರೆದಿದ್ದರೆ ಅದು ಇಲ್ಲೇ ಎಂದು ನನಗೆ ಅನಿಸುತ್ತದೆ.

ನಮ್ಮ ಐದಾರು ಹುಡುಗರ ಗುಂಪಿಗೆ ಒಬ್ಬ ಮೆಂಬರ್ ಬೇಡವೆಂದು ಕೊಟ್ಟ ಒಂದು ಸಿಕ್ಸ್ಟಿ ಇದೆ. ಮುಖ ಸವೆದು ಕನ್ನಡಿಯಾಗಿದೆ. ಬೇರೆ ಕ್ಲಬ್ ಇಲ್ಲದ್ದರಿಂದ ಎಲ್ಲ ಹೊಡೆತವನ್ನೂ ಅದರಲ್ಲೇ ಹೊಡೆಯಬೇಕು. ಚೆಂಡನ್ನು ಬಲಗಾಲಿನ ಕಡೆ ತಂದು, ಕೈಗಳನ್ನು ಮುಂದಕ್ಕೆ ಒತ್ತಿದರೆ 60 ಡಿಗ್ರಿ 50ರ ಹಾಗೆ ವರ್ತಿಸುತ್ತದೆ, ಚೆಂಡು ತಗ್ಗಾಗಿ ಹೋಗಿ ಉರುಳುತ್ತದೆ. ಮುಖ ತೆರೆದರೆ 60 ಇನ್ನೂ ಮೇಲೇರುತ್ತದೆ. ಸ್ಪೇನಿನ ಸೆವೆ ಬಲ್ಲೆಸ್ತೆರೋಸ್ ಚಿಕ್ಕಂದಿನಲ್ಲಿ ಸಮುದ್ರ ದಂಡೆಯಲ್ಲಿ ಒಂದೇ ಒಂದು ಹಳೆಯ ಮೂರನೇ ಐರನ್ ಹಿಡಿದು ಆಟ ಕಲಿತ. ಅದು ಚೆಂಡನ್ನು ತಗ್ಗಾಗಿ ಕಳಿಸುವ ಕ್ಲಬ್. ಎತ್ತರಕ್ಕೆ ಕಳಿಸುವುದನ್ನು ಅವನು ಅದರಲ್ಲೇ ಹುಡುಕಿಕೊಂಡ. ನಮ್ಮ ಹುಡುಗರದು ಅದರ ತಿರುವುಮುರುವು, ಎತ್ತರದ ಕ್ಲಬ್ಬಿನಲ್ಲಿ ತಗ್ಗನ್ನು ಹುಡುಕುತ್ತಾರೆ. ಅಭ್ಯಾಸಕ್ಕೆ ಮಾವ ಕಲಿಸಿಕೊಟ್ಟ ಕ್ರಮ ಇದು: ಮೊದಲು ಚೆಂಡನ್ನು ಕೈಯಿಂದ ಎಸೆದು ಬಾವುಟದ ಹತ್ತಿರ ನಿಲ್ಲಿಸು. ಅದು ಎಲ್ಲಿ ಬಿತ್ತೋ ಅಲ್ಲಿ ಟವೆಲ್ ಹಾಸು. ಈಗ ಬಾವುಟ ಮರೆತು ಟವೆಲ್‌ಗೆ ಹೊಡಿ.

“ನಿನ್ನ ಕೈಗೆ ಗೊತ್ತಿರೋದನ್ನ ಕ್ಲಬ್ಬಿಗೆ ಹೇಳಿಕೊಡು ಕಣೋ,” ಎನ್ನುತ್ತಾರೆ.

ಬೆಂಗಳೂರಿನ ಗಾಲ್ಫ್‌ಗೆ ವಯಸ್ಸಾಗಿದೆ, ಇಲ್ಲಿನ ಮೊದಲ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಇಲ್ಲಿ ಕ್ಯಾಡಿಯಾಗಿ ಶುರು ಮಾಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಕ್ಯಾಡಿಗಳ ಕೊಠಡಿಯಲ್ಲಿ ಇವತ್ತಿಗೂ ಆ ಹೆಸರು ಬಂದರೆ ಟೀ ಲೋಟ ಕೆಳಗಿಟ್ಟು ಮಾತಾಡುತ್ತಾರೆ. ಬಿಡದಿ ಕಡೆಯಿಂದ ಬಂದ ಚಿಕ್ಕರಂಗಪ್ಪ ಕೂಡ ಮೈದಾನದ ಸಣ್ಣಪುಟ್ಟ ಕೆಲಸದಿಂದಲೇ ಮೇಲೆ ಬಂದವರು. ಇನ್ನು ಅದಿತಿ ಅಶೋಕ್ ಎಲ್ಲರಿಗೂ ಗೊತ್ತು. ಅವರದು ನಮ್ಮಂಥ ಹಿನ್ನೆಲೆಯಲ್ಲ, ಆದರೆ ಅವರ ಆಟದಿಂದ ನಾವು ಕಲಿಯುವುದಿದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೊತೆಗಿದ್ದ ಆಟಗಾರ್ತಿಯರು ಡ್ರೈವರ್‌ನಲ್ಲಿ ಅವರಿಗಿಂತ ಎಷ್ಟೋ ದೂರ ಹೊಡೆಯುತ್ತಿದ್ದರು. ಆದರೂ ಮೂರು ಸುತ್ತು ಮುಗಿದಾಗ ಅದಿತಿ ಎರಡನೇ ಸ್ಥಾನದಲ್ಲಿದ್ದರು. ಕೊನೆಗೆ 15 ಅಂಡರ್‌ನಲ್ಲಿ ನಾಲ್ಕನೆಯವರಾದರು, ಒಂದೇ ಹೊಡೆತದಲ್ಲಿ ಪದಕ ತಪ್ಪಿತು. ದೂರದಲ್ಲಿ ಬಿಟ್ಟುಕೊಟ್ಟದ್ದನ್ನು ಅವರು ಹಿಂದಕ್ಕೆ ಪಡೆದದ್ದು ಗ್ರೀನ್ ಸುತ್ತಮುತ್ತ ಮತ್ತು ಗ್ರೀನ್ ಮೇಲೆ. ಅಂದು ಅವರ ಚೀಲ ಹೊತ್ತಿದ್ದ ಕ್ಯಾಡಿ ಅವರ ತಾಯಿ.

ನಮ್ಮ ಗುಂಪಿನಲ್ಲಿ ಒಬ್ಬನಿದ್ದಾನೆ. ಪಿಯುಸಿ ಮುಗಿಸಿ ಓದು ನಿಲ್ಲಿಸಿದವನು, ಈಗ ದೇಶದ ವೃತ್ತಿಪರ ಟೂರ್ ಪಿಜಿಟಿಐನ ಕ್ವಾಲಿಫೈಯಿಂಗ್ ಸ್ಕೂಲ್‌ಗೆ ತಯಾರಿ ನಡೆಸಿದ್ದಾನೆ. ಹೆಸರು ಸ್ಕೂಲ್ ಎಂದಿದ್ದರೂ ಅದು ಪರೀಕ್ಷೆ. ಮೊದಲೊಂದು ಹಂತ, ದಾಟಿದವರಿಗೆ ಕೊನೆಯ ಹಂತ. ಪ್ರಿಲಿಮ್ಸ್–ಮೇನ್ಸ್ ಎಂದು ಓದುತ್ತಿರುವ ನಿಮಗೆ ಅದರ ಬಿಸಿ ಬಿಡಿಸಿ ಹೇಳಬೇಕಿಲ್ಲ. ಶುಲ್ಕ, ರೈಲು, ವಸತಿ ಸೇರಿ ಅವನಿಗೆ ಅದು ಹಲವು ತಿಂಗಳ ದುಡಿಮೆ. ಮೆಂಬರ್‌ಗಳಲ್ಲಿ ಇಬ್ಬರು ಸಹಾಯ ಮಾಡುತ್ತಿದ್ದಾರೆ. ಅವನೊಂದು ಹೊಸ ವೆಡ್ಜ್ ಕೊಳ್ಳಬೇಕಿತ್ತು, ಒಂದಕ್ಕೆ ಮಾತ್ರ ದುಡ್ಡಿತ್ತು.

ನಾವೆಲ್ಲ ಸಿಕ್ಸ್ಟಿ ಎಂದೆವು. ಅವನು ಒಂದು ನೋಟ್‌ಬುಕ್ ತೆಗೆದ. ಮೂರು ತಿಂಗಳಿನ ಸೋಮವಾರಗಳಲ್ಲಿ ಗ್ರೀನ್ ತಪ್ಪಿದ ಪ್ರತಿ ಚೆಂಡು ಎಲ್ಲಿ ಬಿದ್ದಿತ್ತು, ಯಾವ ಹೊಡೆತ ಬೇಕಾಯಿತು ಎಂದು ಬರೆದಿಟ್ಟಿದ್ದ. ಪೆಲ್ಜ್ ಹೆಸರು ಅವನಿಗೆ ಗೊತ್ತಿರಲಿಲ್ಲ, ಆದರೆ ಮಾಡಿದ್ದು ಅದನ್ನೇ. ಎತ್ತರಕ್ಕೆ ಕಳಿಸದೆ ಬೇರೆ ದಾರಿಯೇ ಇಲ್ಲ ಎನ್ನುವಂಥ ಹೊಡೆತ ಅದರಲ್ಲಿ ಬೆರಳೆಣಿಕೆಯಷ್ಟು. 50ರಿಂದ 90 ಗಜದವು ಪುಟ ತುಂಬ. ಚೀಲದಲ್ಲಿ 14 ಕ್ಲಬ್‌ಗಿಂತ ಹೆಚ್ಚು ಇಡುವಂತಿಲ್ಲ ಎನ್ನುವುದು ನಿಯಮ, ಅವನ ಹತ್ತಿರ ಇರುವುದೇ ಹನ್ನೊಂದು. 58 ಡಿಗ್ರಿಯದು, 8 ಡಿಗ್ರಿ ಬೌನ್ಸ್‌ನದು ಕೊಂಡ. ಪೂರ್ತಿ ಬೀಸಿದರೆ ಸಿಕ್ಸ್ಟಿಗಿಂತ ಸ್ವಲ್ಪ ಮುಂದೆ ಹೋಗುತ್ತದೆ, ಮುಖ ತೆರೆದರೆ ಸಿಕ್ಸ್ಟಿಯ ಕೆಲಸವನ್ನೂ ಮಾಡುತ್ತದೆ, ಗಟ್ಟಿ ನೆಲದಲ್ಲಿ ಪುಟಿಯುವುದೂ ಕಡಿಮೆ. ಅಂಗಡಿಯವನು 60 ಹೆಚ್ಚು ಓಡುತ್ತೆ ಎಂದು ಎರಡು ಸಲ ಹೇಳಿದನಂತೆ.

ಈಗ ಅವನ ಸೋಮವಾರ ಹೀಗಿದೆ. ಹತ್ತು ಚೆಂಡನ್ನು ಗ್ರೀನ್ ಸುತ್ತ ಬೆನ್ನು ತಿರುಗಿಸಿ ಎಸೆಯುತ್ತಾನೆ, ಎಲ್ಲಿ ಬೀಳುತ್ತದೋ ಅಲ್ಲಿಂದ ಆಡುತ್ತಾನೆ. ಒಂದು ಚಿಪ್ ಅಥವಾ ಪಿಚ್, ಒಂದು ಪಟ್. ಎರಡರಲ್ಲಿ ಗುಳಿ ಸೇರಿದರೆ ಒಂದು ಅಂಕ. ಹತ್ತಕ್ಕೆ ಏಳು ಬರುವವರೆಗೆ ಮನೆಗೆ ಹೋಗುವುದಿಲ್ಲ ಎಂದು ಅವನೇ ಮಾಡಿಕೊಂಡ ನಿಯಮ. ಕಳೆದ ವಾರ ಆರಕ್ಕೇ ನಿಂತಿತ್ತು. ಏಳನೆಯದು ಬಂಕರ್ ಹಿಂದೆ, ಬಾವುಟ ಅಂಚಿನಲ್ಲಿ. ಮುಖ ಪೂರಾ ತೆರೆದು ದೊಡ್ಡದಾಗಿ ಬೀಸಿದ. ಚೆಂಡು ಮೇಲೆ ಹೋಗಿ ಆರಡಿ ಆಚೆ ಕೂತಿತು, ಪಟ್ ಗುಳಿಯ ಅಂಚು ಸವರಿ ಹೊರಗೆ ಉಳಿಯಿತು. ಹೊತ್ತು ಮುಳುಗುತ್ತಿತ್ತು. ಚೆಂಡುಗಳನ್ನೆಲ್ಲ ಟೋಪಿಗೆ ತುಂಬಿಕೊಂಡು ಮತ್ತೆ ಬೆನ್ನು ತಿರುಗಿಸಿ ನಿಂತ.